ಚರ್ಚಿಗೋ ದೇಶಕ್ಕೋ?

ನಾನಿರುವುದು ಅಮೆರಿಕದ ಯೂಟಾದಲ್ಲಿ ಎಂದು ತಿಳಿದ ಕೂಡಲೇ ಮೊದಲೆಲ್ಲ ಊರಿನವರು ಕೇಳುತ್ತಿದ್ದದ್ದು ಇಲ್ಲಿನ ಮಾರ್ಮನ್ನರಿಗೆ, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಗಡದವರಿಗೆ, ಎಷ್ಟು ಹೆಂಡಿರು ಎಂದು. ಬಹುಪತ್ನಿತ್ವವನ್ನು ಬಿಡುವುದಾಗಿ ಅವರ ಚರ್ಚು 1890ರಲ್ಲೇ ಸಾರಿತು. ಇಂದು ಎರಡನೆಯವಳನ್ನು ಕಟ್ಟಿಕೊಂಡವನನ್ನು ಹೊರಗೇ ಹಾಕುತ್ತದೆ. ಈಗಿನ ಪ್ರಶ್ನೆ ಬೇರೆ: "ಅವರು ಮಕ್ಕಳನ್ನು ಬೆಳೆಸುವುದು ಚರ್ಚಿಗೋ, ದೇಶಕ್ಕೋ?"

ಮನೆಗೆ ಎನ್ನುತ್ತೇನೆ ನಾನು. ಸೋಮವಾರ ಸಂಜೆ ಚರ್ಚಿನ ಕೆಲಸ ಯಾವುದೂ ಇರುವುದಿಲ್ಲ. ಅದು ಮನೆಮಂದಿ ಒಟ್ಟಿಗೆ ಕೂರುವ ಹೊತ್ತು. 1915ರಲ್ಲಿ ಶುರುವಾದ ಪದ್ಧತಿ. ನಮ್ಮ ಪಕ್ಕದ ಮಾರ್ಮನ್ನರ ಮನೆಯಲ್ಲಿ ಕೊಕ್ಕೆ ಹೊಡೆದ ಒಂದು ಮರದ ಹಲಗೆಯಿದೆ. ಪ್ರಾರ್ಥನೆ, ಹಾಡು, ಪಾಠ, ತಿಂಡಿ ಎಂಬ ಹೆಸರುಗಳ ಕೆಳಗೆ ಮಕ್ಕಳ ಹೆಸರಿನ ಬಿಲ್ಲೆಗಳನ್ನು ವಾರವಾರವೂ ಬದಲಿಸಿ ತೂಗುಹಾಕುತ್ತಾರೆ. ತಿಂಡಿಯ ಬಿಲ್ಲೆಗೇ ಜಗಳ. ಮೊದಲ ಸಲ ಕರೆದಾಗ ನಾನು ಫಿಲ್ಟರ್ ಕಾಫಿ ಒಯ್ದು ಪೆಚ್ಚಾದೆ. ಕಾಫಿ, ಟೀ ಎರಡೂ ಅವರಿಗೆ ನಿಷಿದ್ಧ. ಮಕ್ಕಳು ಮಾತ್ರ ನನ್ನ ಲೋಟ ಡಬರಿಯಲ್ಲಿ ಹಾಲು ಎತ್ತಿ ಸುರಿದು ನೊರೆ ಬರಿಸುವ ಆಟ ಕಲಿತರು.

ಎಂಟು ತುಂಬಿದರೆ ದೀಕ್ಷಾಸ್ನಾನ. ಅಷ್ಟರೊಳಗೆ ಅವರ ಮಗಳಿಗೆ ಹದಿಮೂರು ನಂಬಿಕೆಯ ಸೂತ್ರಗಳಲ್ಲಿ ಹೆಚ್ಚಿನವು ಬಾಯಿಪಾಠವಾಗಿದ್ದವು. ಹನ್ನೆರಡನೆಯದು ರಾಜರಿಗೂ ಅಧ್ಯಕ್ಷರಿಗೂ ಅಧೀನರಾಗಿ ಕಾನೂನನ್ನು ಪಾಲಿಸಬೇಕು, ಗೌರವಿಸಬೇಕು ಎನ್ನುತ್ತದೆ. ಇದನ್ನು 1842ರಲ್ಲಿ ಪ್ರಕಟಿಸಿದ, ಈ ಪಂಗಡವನ್ನು ಕಟ್ಟಿದ ಜೋಸೆಫ್ ಸ್ಮಿತ್, ಎರಡೇ ವರ್ಷದಲ್ಲಿ ಜೈಲಿನೊಳಗೆ ಗುಂಪಿನ ಗುಂಡಿಗೆ ಬಲಿಯಾದ. ಅದಕ್ಕೂ ಮೊದಲು, 1838ರಲ್ಲಿ, ಮಾರ್ಮನ್ನರನ್ನು ಅಟ್ಟಬೇಕು, ಇಲ್ಲವೇ ನಿರ್ನಾಮ ಮಾಡಬೇಕು ಎಂದು ಮಿಸೌರಿಯ ಗವರ್ನರ್ ಆಜ್ಞೆ ಹೊರಡಿಸಿದ್ದ. 1847ರ ಜುಲೈನಲ್ಲಿ ಅವರು ಬಂದು ತಲುಪಿದ ಯೂಟಾದ ಈ ಕಣಿವೆ ಆಗಿನ್ನೂ ಮೆಕ್ಸಿಕೋಗೆ ಸೇರಿತ್ತು. ದೇಶ ಬಿಟ್ಟೇ ಬಂದವರು! ಆ ದಿನದ ನೆನಪಿಗೆಂದು ಇಂದಿಗೂ ಪ್ರತಿ ಜುಲೈ 24ಕ್ಕೆ ನಮ್ಮ ಬೀದಿಯ ತುಂಬ ಅಮೆರಿಕದ ಬಾವುಟ ಹಾರುತ್ತದೆ. ನನಗೆ ಇದು ಇನ್ನೂ ಸೋಜಿಗ.

ಒಂದು ಸೋಮವಾರ ಪಕ್ಕದ ಮನೆಯವರು ಹೆಲ್ಮುತ್ ಹ್ಯೂಬನರ್‌ನ ಕಥೆ ಹೇಳಿದರು. ಹ್ಯಾಂಬರ್ಗಿನ ಮಾರ್ಮನ್ ಹುಡುಗ. ಕದ್ದು ಬಿಬಿಸಿ ಕೇಳಿ, ಹಿಟ್ಲರನ ಸುಳ್ಳುಗಳನ್ನು ಬಯಲು ಮಾಡುವ ಕರಪತ್ರಗಳನ್ನು ಟೈಪ್ ಮಾಡಿ ಹಂಚಿದ. ಸಿಕ್ಕಿಬಿದ್ದ ಮೇಲೆ, ನಾಜಿ ಪಕ್ಷದವನೇ ಆಗಿದ್ದ ಅಲ್ಲಿನ ಸಭೆಯ ಮುಖ್ಯಸ್ಥ ಅವನನ್ನು ಚರ್ಚಿನಿಂದ ಬಹಿಷ್ಕರಿಸಿದ. 1942ರ ಅಕ್ಟೋಬರ್ 27ರಂದು ಬರ್ಲಿನ್ನಿನ ಜೈಲಿನಲ್ಲಿ ಅವನ ತಲೆ ಕಡಿದರು. ವಯಸ್ಸು ಹದಿನೇಳು. ಯುದ್ಧ ಮುಗಿದ ಮೇಲೆ ಚರ್ಚು ಬಹಿಷ್ಕಾರವನ್ನು ರದ್ದು ಮಾಡಿತು.

"ಹಾಗಾದರೆ ಅವನು ಹನ್ನೆರಡನೆಯದನ್ನು ಮುರಿದನಲ್ಲವೇ ಅಪ್ಪಾ?" ಎಂದಳು ಮಗಳು.

"ಮುರಿದ," ಎಂದರು ಅವರು. "ತಪ್ಪು ಮಾಡಿದ್ದು ಅವನನ್ನು ಹೊರಹಾಕಿದ ನಾವು."