ಅಮ್ಮನ ಕೈ ಸುಟ್ಟ ಗೇರೆಣ್ಣೆ

ಕಳೆದ ವಾರ ಬೈಕಂಪಾಡಿಯ ನಮ್ಮ ಗ್ಯಾರೇಜಿಗೆ ಒಂದು ಲಾರಿ ಬಂತು. ಹಿಂದಿನ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಲಾರಿ ತುಂಬ ಬ್ಯಾರೆಲ್. ಒಂದರ ಮುಚ್ಚಳದಿಂದ ಕಪ್ಪು ಎಣ್ಣೆ ಜಿನುಗಿ ನೆಲಕ್ಕೆ ಬೀಳುತ್ತಿತ್ತು. ಹೆಲ್ಪರ್ ಹುಡುಗ ಬಟ್ಟೆ ತೆಗೆದುಕೊಂಡು ಒರೆಸಲು ಬಗ್ಗಿದ. "ಮುಟ್ಬೇಡ ಮಾರಾಯ, ಚರ್ಮ ಸುಲಿದು ಹೋಗ್ತದೆ" ಎಂದು ಕೂಗಿದೆ. ವಾಸನೆಯಲ್ಲೇ ಗೊತ್ತಾಗಿತ್ತು, ಅದು ಗೇರೆಣ್ಣೆ.

ಅಮ್ಮ ಕಾರ್ಕಳದ ಹತ್ತಿರ ಬೀಜದ ಫ್ಯಾಕ್ಟರಿಯಲ್ಲಿ 19 ವರ್ಷ ಬೀಜ ಒಡೆದವರು. ಗೇರುಬೀಜದ ಸಿಪ್ಪೆಯ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳಿವೆ. ಎಣ್ಣೆ ಇರುವುದು ಅಲ್ಲಿ. ಒಡೆಯುವಾಗ ಅದು ಬೆರಳಿಗೆ ಹತ್ತುತ್ತದೆ. ಅಮ್ಮ ಬೆಳಿಗ್ಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದರು, ರಾತ್ರಿ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಆದರೂ ಬೆರಳ ತುದಿ ಕಪ್ಪಾಗಿ ಸುಲಿಯುತ್ತಿತ್ತು. ಮದುವೆ ಮನೆಗಳಲ್ಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಿದ್ದರು. ಮುಂದೆ ರೇಷನ್‌ಗೆ ಹೆಬ್ಬೆಟ್ಟು ಒತ್ತುವ ಮಿಷನ್ ಬಂದಾಗ ಅವರ ಬೆರಳನ್ನು ಅದು ಎಷ್ಟೋ ಸಲ ಗುರುತಿಸಲೇ ಇಲ್ಲ.

ಊರಲ್ಲಿ ಈ ಎಣ್ಣೆಯನ್ನು ಮನೆಯ ಮಾಡಿನ ಮರಗಳಾದ ಪಕ್ಕಾಸು, ರೀಪುಗಳಿಗೆ ಬಳಿಯುತ್ತಿದ್ದರು. ಗೆದ್ದಲು ಹತ್ತಿರ ಬರುವುದಿಲ್ಲ. ಮರದ ದೋಣಿಗೂ ಹಚ್ಚುತ್ತಿದ್ದರು. ನನಗೆ ಗೊತ್ತಿದ್ದದ್ದು ಅಷ್ಟೇ.

"ಇದು ಎಲ್ಲಿಗೆ ಹೋಗ್ತದೆ?" ಎಂದು ಡ್ರೈವರನ್ನು ಕೇಳಿದೆ.

"ಪಣಂಬೂರು ಬಂದರಿಗೆ ಅಣ್ಣ. ಬ್ರೇಕ್ ಲೈನರ್ ಮಾಡ್ಲಿಕ್ಕೆ ಬೇಕಂತೆ."

ನನ್ನ ಕೈಯಲ್ಲಿ ಅವನ ಲಾರಿಯದೇ ಬ್ರೇಕ್ ಶೂ ಇತ್ತು. ಅದರ ಮೇಲೆ ಬಡಿದು ಕೂರಿಸುವ, ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿಯೇ ಲೈನರ್. 22 ವರ್ಷದಿಂದ ಲೈನರ್ ಬಡಿಯುತ್ತಿದ್ದೇನೆ. ಅದರೊಳಗೆ ಏನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಆಮೇಲೆ ಗೊತ್ತಿದ್ದವರನ್ನೆಲ್ಲ ಕೇಳಿದೆ, ರಾತ್ರಿ ಕೂತು ಓದಿದೆ. ಈ ಎಣ್ಣೆಯಲ್ಲಿ ಜಾಸ್ತಿ ಇರುವುದು ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಅದಕ್ಕೆ ಫಾರ್ಮಾಲ್ಡಿಹೈಡ್ ಸೇರಿಸಿ ಗಟ್ಟಿ ಮಾಡಿ ಪುಡಿ ಮಾಡಿದರೆ ಫ್ರಿಕ್ಷನ್ ಡಸ್ಟ್. ಬಹಳಷ್ಟು ಲೈನರ್‌ಗಳಲ್ಲಿ ಈ ಪುಡಿ ಇದೆ. ಉಜ್ಜುವಾಗ ಹುಟ್ಟುವ ಬಿಸಿಯನ್ನು ತಾಳುತ್ತದೆ, ಸವೆತ ಕಡಿಮೆ ಮಾಡುತ್ತದೆ, ಬ್ರೇಕ್ ಕಿರುಚದಂತೆ ನೋಡಿಕೊಳ್ಳುತ್ತದೆ. ಚಾರ್ಮಾಡಿ, ಶಿರಾಡಿ ಇಳಿಯುವ ಗಾಡಿಗಳಿಗೆ ಅದು ಎಷ್ಟು ಮುಖ್ಯ ಎಂದು ನನ್ನ ಕೆಲಸದವರಿಗೆ ಹೇಳಬೇಕಾಗಿಲ್ಲ. ಪೇಂಟಿಗೂ ಕಾರ್ಡನಾಲ್ ಬಳಸುತ್ತಾರೆ. ಪೆಟ್ರೋಲಿಯಂನಿಂದ ಬರುವ ಫಿನಾಲ್ ಎಂಬ ರಾಸಾಯನಿಕದ ಜಾಗದಲ್ಲಿ ನಮ್ಮ ಗುಡ್ಡದ ಗೇರುಬೀಜದ ಸಿಪ್ಪೆಯ ಎಣ್ಣೆ!

ಒಂದು ಕಿಲೋ ಬೀಜ ಒಡೆದರೆ ತಿರುಳು ಹೆಚ್ಚುಕಮ್ಮಿ ಕಾಲು ಕಿಲೋ. ಉಳಿದದ್ದು ಹೆಚ್ಚಾಗಿ ಸಿಪ್ಪೆಯೇ. ಹಿಂದೆ ಡ್ರಮ್ಮಿನಲ್ಲಿ ಹುರಿಯುವಾಗ ಎಷ್ಟೋ ಎಣ್ಣೆ ಕಪ್ಪು ಹೊಗೆಯಾಗಿ ಹೋಗುತ್ತಿತ್ತು. ಈಗ ಹಬೆಯಲ್ಲಿ ಬೇಯಿಸುತ್ತಾರೆ, ಎಣ್ಣೆ ಸಿಪ್ಪೆಯಲ್ಲೇ ಉಳಿಯುತ್ತದೆ. ಅದನ್ನು ಗಾಣದ ಹಾಗಿನ ಎಕ್ಸ್‌ಪೆಲ್ಲರ್‌ನಲ್ಲಿ ಹಿಂಡುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಬಾಯ್ಲರಿಗೆ ಸೌದೆಯಾಗುತ್ತದೆ. ತಿರುಳಿನ ಮೇಲಿನ ಕೆಂಪು ಹೊಟ್ಟಿನಲ್ಲಿ ಟ್ಯಾನಿನ್ ಇದೆ, ಚರ್ಮ ಹದ ಮಾಡಲು ಬರುತ್ತದೆ. ಬಿಸಾಡುವಂಥದ್ದು ಏನೂ ಇಲ್ಲ ಅಲ್ವಾ? ಇಷ್ಟು ಬೆಲೆಬಾಳುವ ಎಣ್ಣೆ ಎಂದ ಮೇಲೆ, ಅದನ್ನು ಮುಟ್ಟುವವರಿಗೆ ಒಂದು ಜೊತೆ ಒಳ್ಳೆ ಗ್ಲೌಸ್ ಕೊಡುವುದು ಯಾರಿಗೂ ಭಾರವಾಗಬಾರದು. ನನಗೆ ಸಿಟ್ಟಿರುವುದು ಅದೊಂದೇ ವಿಷಯಕ್ಕೆ.

ಭಾನುವಾರ ಊರಿಗೆ ಹೋಗುವಾಗ ಹೊಸ ಲೈನರ್‌ನ ಒಂದು ತುಂಡು ಒಯ್ದೆ. ಎಲ್ಲ ಹೇಳಿದೆ. ಅಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು, ಮೂಸಿದರು.

"ವಾಸನೆ ಇಲ್ಲವಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಾವು ಫ್ಯಾಕ್ಟರಿಗೆ ಹೋಗ್ತಿದ್ದ ಬಸ್ಸಿಗೂ ಇದನ್ನೇ ಹಾಕಿರ್ತಿದ್ದರಾ?"

ಹಾಕಿರಬಹುದು ಅಮ್ಮ ಎಂದೆ. ಆ ತುಂಡನ್ನು ಅವರು ವಾಪಸ್ ಕೊಡಲಿಲ್ಲ. ದೇವರ ಕೋಣೆಯ ಕಿಟಕಿಯಲ್ಲಿ, ಎಣ್ಣೆ ಬಾಟ್ಲಿಯ ಪಕ್ಕ ಇಟ್ಟಿದ್ದಾರೆ.