ಐದು ಮನೆ ಶ್ರುತಿಯ ದೋಣಿ

24 ನವೆಂಬರ್ 2024, ಭಾನುವಾರ, ರಾತ್ರಿ 10:40

ಬೈಸಿಕೊಳ್ಳೋಕೆ ಅಂತ ಹೋಗಿ ಕಾಫಿ ಕುಡಿದು ಬಂದೆ.

ನಾವು ರಿಮೋಟಿನಲ್ಲಿ ಓಡೋ ಆಟದ ದೋಣಿ ಬಿಡ್ತೀವಲ್ಲ, ಆ ಹೊಂಡದ ಆಚೆ ದಡದಲ್ಲಿ ಹಳದಿ ಮನೆ ಇದೆಯಲ್ಲ, ಮಹಡಿ ಮೇಲೆ ಶೀಟ್ ಹೊದಿಸಿರೋದು, ಅಲ್ಲಿಂದ ಬುಲಾವ್. ಶುಕ್ರವಾರ ಗೌಡರು ಫೋನ್ ಮಾಡಿದ್ದರು. "ಆ ಯಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ ಸ್ವಾಮಿ, ಒಂದ್ಸಲ ಹೋಗ್ಬನ್ನಿ" ಅಂದರು. ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಈ ಜಾಗವೂ ಕೈಬಿಟ್ಟರೆ ದೋಣಿ ತಗೊಂಡು ಎಲ್ಲಿಗೆ ಹೋಗೋದು? ಊರೊಳಗಿನ ಕೆರೆಗಳಲ್ಲಿ ಪೆಟ್ರೋಲ್ ದೋಣಿ ಬಿಡುವ ಮಾತೇ ಇಲ್ಲ. ಬಿಡಲೂಬಾರದು, ಹಕ್ಕಿಗಳಿರುತ್ತವೆ. ತಲಘಟ್ಟಪುರದ ಆಚೆ ಈ ಕಲ್ಲುಕ್ವಾರಿ ಹೊಂಡ ಸಿಕ್ಕಿದ್ದೇ ಪುಣ್ಯ. ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ ಸುತ್ತ ನೀಲಗಿರಿ ತೋಪು ಬಿಟ್ಟರೆ ಏನೂ ಇರಲಿಲ್ಲ. ಈಗ ಹನ್ನೊಂದು ಮನೆ. "ಮೊದಲು ಬಂದಿದ್ದು ನಾವು" ಅಂತ ಬಾಮೈದ ಪ್ರತಿ ಸಲ ವಾದ ಹೂಡುತ್ತಾನೆ. ಮೊದಲು ಬಂದರೆ ಏನಾಯ್ತು? ಅವರು ಅಲ್ಲೇ ಮಲಗಿ ಅಲ್ಲೇ ಏಳುವವರು. ನಾವು ಆಟ ಮುಗಿಸಿ ದೋಣಿ ಡಿಕ್ಕಿಗೆ ಹಾಕಿಕೊಂಡು ಬರುವವರು.

ನನಗೆ ಜಾಸ್ತಿ ಉರಿದಿದ್ದು ಬೇರೆ ವಿಷಯಕ್ಕೆ. ಶಬ್ದ ಕಡಿಮೆ ಮಾಡಿ ಎರಡು ವಾರ ಆಗಿಲ್ಲ, ಆಗಲೇ ದೂರು ಬಂತಲ್ಲ ಅಂತ. ಇಡೀ ದೀಪಾವಳಿ ರಜೆ ಅದಕ್ಕೇ ಹೋಗಿತ್ತು. ನಮ್ಮದು 26 ಸಿಸಿ ಟೂ ಸ್ಟ್ರೋಕ್. ಹುಲ್ಲು ಕತ್ತರಿಸುವ ಮೆಷಿನ್‌ನಲ್ಲಿ ಇರುತ್ತಲ್ಲ, ಅದೇ ಜಾತಿ. ಹೊಗೆ ಹೋಗುವ ಟ್ಯೂನ್ಡ್ ಪೈಪಿನ ಬಾಲಕ್ಕೆ ಇನ್ನೊಂದು ಡಬ್ಬಿ ಸೇರಿಸಿದೆ. ಡಬ್ಬಿ ಒಳಗೆ ತೂತು ತೂತು ಕೊಳವೆ, ಕೊಳವೆ ಸುತ್ತ ಪಾತ್ರೆ ಉಜ್ಜುವ ಸ್ಟೀಲ್ ನಾರು. (ನಮ್ಮನೆಯವಳು ಅಡುಗೆಮನೆಯಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಕೆಲಸದವಳ ಮೇಲೆ ಅನುಮಾನ ಪಟ್ಟಿದ್ದಳು. ಪಾಪ.) ಎಂಜಿನ್ ತಣ್ಣಗೆ ಮಾಡಿ ಹೊರಗೆ ಹೋಗುತ್ತಿದ್ದ ನೀರನ್ನೂ ಅದೇ ಡಬ್ಬಿಗೆ ತಿರುಗಿಸಿದೆ. ಬಿಸಿ ಹೊಗೆಗೆ ನೀರು ಬಿದ್ದರೆ ಹೊಗೆ ಕುಗ್ಗುತ್ತದೆ, ಶಬ್ದವೂ ಕುಗ್ಗುತ್ತದೆ. ದೊಡ್ಡ ದೋಣಿಗಳಲ್ಲೂ ಇದೇ ಉಪಾಯ. ಎಂಜಿನ್ ಕೆಳಗೆ ರಬ್ಬರ್ ಬುಷ್ ಕೊಟ್ಟೆ. ಇಲ್ಲದಿದ್ದರೆ ತೆಳು ಫೈಬರ್ ಒಡಲು ತಮಟೆ ಥರ ಬಡಿದುಕೊಳ್ಳುತ್ತೆ. ಮುಚ್ಚಳದ ಒಳಗೆ ಹಳೇ ಯೋಗಾ ಮ್ಯಾಟ್ ಅಂಟಿಸಿದೆ, ಪೈಪಿನ ಬಿಸಿ ತಾಗದ ಕಡೆ ಮಾತ್ರ. ದಡದಿಂದ 15 ಮೀಟರ್ ದೂರದಲ್ಲಿ ಫೋನ್ ಹಿಡಿದು ನೋಡಿದರೆ 92 ಡೆಸಿಬಲ್ ಇದ್ದಿದ್ದು 84ಕ್ಕೆ ಇಳಿದಿತ್ತು. 10 ಇಳಿದರೆ ಕಿವಿಗೆ ಅರ್ಧ ಆದ ಹಾಗೆ ಅನ್ನಿಸುತ್ತೆ. 8 ಅಂದರೆ ಸುಮ್ನೆ ಅಲ್ಲ.

ಹಾಗಾಗಿ ಲಾಯರ್ ಥರ ತಯಾರಾಗಿ ಹೋದೆ. ಒಂದು ಬಿಲ್ ಕಾಗದದ ಹಿಂದೆ ಲೆಕ್ಕ ಬರೆದುಕೊಂಡಿದ್ದೆ. ದೂರ ದುಪ್ಪಟ್ಟಾದರೆ 6 ಡೆಸಿಬಲ್ ಕಡಿಮೆ. 15 ಮೀಟರಿಗೆ 84, 30ಕ್ಕೆ 78, 60ಕ್ಕೆ 72, 120ಕ್ಕೆ 66. ಅವರ ಮನೆ ಹೆಚ್ಚುಕಡಿಮೆ 120 ಮೀಟರ್. ಕಿಟಕಿ ಮುಚ್ಚಿದರೆ ಇನ್ನೂ ಕಡಿಮೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತ ಇದೆ. ಅದು ಇಡೀ ಹೊತ್ತಿನ ಸರಾಸರಿ ಲೆಕ್ಕ, ನಾವು ಓಡಿಸೋದು ಹತ್ತು ಹತ್ತು ನಿಮಿಷ. ಮೆಟ್ಟಿಲು ಹತ್ತುವಾಗಲೂ ಇದನ್ನೇ ಬಾಯಿಪಾಠ ಮಾಡ್ತಾ ಇದ್ದೆ.

ಬಾಗಿಲು ತೆಗೆದವರಿಗೆ ಅರವತ್ತರ ಆಸುಪಾಸು. ಒಳಗೆ ಚಾಪೆ ಮೇಲೆ ನಾಲ್ಕು ಮಕ್ಕಳು. ಮೂಲೆಯಲ್ಲಿ ಶ್ರುತಿ ಪೆಟ್ಟಿಗೆ ಗುಂಯ್ ಅಂತಿತ್ತು. ಸಂಗೀತದ ಮನೆ! ಎದೆ ಧಸಕ್ ಅಂತು. ಇದಕ್ಕಿಂತ ಒಬ್ಬ ವಕೀಲರ ಮನೆ ಆಗಿದ್ದರೂ ಪರವಾಗಿರಲಿಲ್ಲ.

"ದೋಣಿಯವರು ನೀವೇನಾ? ಬನ್ನಿಪ್ಪ, ಕೂತ್ಕೊಳ್ಳಿ."

ಕೂತೆ. ಬಿಲ್ಲು ಜೇಬಲ್ಲೇ ಇತ್ತು. "ಅಮ್ಮಾ, ನಾವು ಈಗ ಶಬ್ದ ತುಂಬಾ ಕಡಿಮೆ ಮಾಡಿದೀವಿ" ಅಂತ ಶುರು ಮಾಡಿದೆ.

"ಗೊತ್ತಾಯ್ತು" ಅಂದರು. "ಅದಕ್ಕೇ ಕರೆಸಿದ್ದು."

ನನಗೆ ಅರ್ಥ ಆಗಲಿಲ್ಲ.

"ಮೊದಲು ಬರೀ ಗಲಾಟೆ ಇತ್ತು ನೋಡಿ. ಮಿಕ್ಸಿ ಹಾಕ್ದಂಗೆ. ಮಿಕ್ಸಿ ಓಡ್ತಾ ಇದ್ರೂ ನಾವು ಹಾಡ್ಕೋತೀವಿ, ಕಿವಿ ಅದನ್ನ ಪಕ್ಕಕ್ಕೆ ಇಡುತ್ತೆ. ಎರಡು ವಾರದಿಂದ ನಿಮ್ಮ ದೋಣಿಗೆ ಸ್ವರ ಬಂದಿದೆ."

ಮಕ್ಕಳು ಕಿಸಕ್ ಅಂತ ನಕ್ಕವು. ಅವರು ನಗಲಿಲ್ಲ. "ಈಗ ಬಿಡೋಕೆ ಹೇಳಿ" ಅಂದರು.

ಬಾಮೈದನಿಗೆ ಫೋನ್ ಮಾಡಿದೆ. ಅವನು ಕೆಳಗೆ ದಡದಲ್ಲಿ ಕಾಯ್ತಾ ಇದ್ದ, ನನಗೆ ಎಷ್ಟು ಬೈಗುಳ ಬಿತ್ತು ಅಂತ ತಿಳ್ಕೊಳ್ಳೋಕೆ. ಸ್ಟಾರ್ಟ್ ಮಾಡಿದ. ನಾನು ಕಿಟಕಿ ಹತ್ತಿರ ನಿಂತೆ.

ನಾಲ್ಕು ವರ್ಷದಲ್ಲಿ ನನ್ನ ದೋಣಿಯನ್ನ ನಾನು ಬೇರೆಯವರ ಕಿಟಕಿಯಿಂದ ಕೇಳಿರಲಿಲ್ಲ. ಒಂದು ಸಲವೂ ಇಲ್ಲ. ದಡದಲ್ಲಿ ನಿಂತರೆ ಕಿವಿಗೆ ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ, ಎಂಜಿನ್, ನೀರು, ಪ್ರೊಪೆಲ್ಲರ್ ಎಲ್ಲಾ. ಜೊತೆಗೆ ಖುಷಿ ಬೇರೆ ಇರುತ್ತಲ್ಲ, ಅದೇ ಅರ್ಧ ಶಬ್ದ ಮುಚ್ಚಿಹಾಕುತ್ತೆ. ಇಲ್ಲಿಗೆ ಬಂದಿದ್ದು ಒಂದೇ ಒಂದು ಎಳೆ. ಉದ್ದಕ್ಕೆ. ನೇರ ಓಟದಲ್ಲಿ ಮೇಲೆ, ತಿರುವಿನಲ್ಲಿ ಕೆಳಗೆ. ಮತ್ತೆ ಮೇಲೆ. ಫೋನ್ ನೋಡಿದರೆ 69. ನನ್ನ ಬಿಲ್ಲು ಹೇಳಿದ್ದು 66. ಜೇಬಿನಿಂದ ಅದನ್ನ ತೆಗೆಯಲೇ ಇಲ್ಲ.

ಅವರು ಶ್ರುತಿ ಪೆಟ್ಟಿಗೆ ಜೋರು ಮಾಡಿದರು. ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ಸ. ಅಷ್ಟೊತ್ತಿಗೆ ಬಾಮೈದ ತಿರುವಿಗೆ ಬಂದ. ಎಂಜಿನ್ ಕುಗ್ಗಿ, ಸೀದಾ ಬಂದು ಷಡ್ಜದ ಮೇಲೆ, ಆ ಸ ಮೇಲೆ, ಕೂತಿತು.

"ಕೇಳಿಸ್ತಾ? ಈಗ ಎಲ್ಲಿಗೆ ಹೋಗುತ್ತೆ ನೋಡಿ."

ತಿರುವು ಮುಗಿದು ನೇರ ಬಂತು. ಅವರು ತೋರುಬೆರಳು ಎತ್ತಿ, ಆ ಎಳೆ ಏರಿದಂತೆ ಬೆರಳನ್ನೂ ಏರಿಸಿದರು. "ಅಂತರ ಗಾಂಧಾರ, ಮೇಲಿನ ಗ. ನಾನು ಈ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡ್ತಾ ಇರೋದು. ಮಾಯಾಮಾಳವಗೌಳ ರಾಗ. ಇವರ ಗಾಂಧಾರ ಇನ್ನೂ ಕೂತಿಲ್ಲ. ನಿಮ್ಮ ದೋಣಿ ಗಾಂಧಾರದ ಹತ್ತಿರ ಬಂದು ಜಾರುತ್ತೆ, ಇವರೂ ಜಾರ್ತಾರೆ. ಜಾರು ಅಂತ ನಮ್ಮಲ್ಲೂ ಒಂದು ಗಮಕ ಇದೆ. ಆದ್ರೆ ಅದಕ್ಕೆ ಎಲ್ಲಿಗೆ ಜಾರಬೇಕು ಅಂತ ಗೊತ್ತಿರುತ್ತೆ."

ಅಲ್ಲೇ ನಿಂತು ಮನಸ್ಸಲ್ಲೇ ಲೆಕ್ಕ ಹಾಕಿದೆ. ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಒಂದು ಸಲ ಸಿಡಿಯುತ್ತೆ. ನಿಮಿಷಕ್ಕೆ 15,000 ಸುತ್ತು ಅಂದರೆ ಸೆಕೆಂಡಿಗೆ 250. ತಿರುವಿನಲ್ಲಿ ಪ್ರೊಪೆಲ್ಲರ್‌ಗೆ ನೀರು ಭಾರ ಆಗಿ 12,000ಕ್ಕೆ ಇಳಿದರೆ 200. ಐದು ಮನೆ ಷಡ್ಜ 196. ಷಡ್ಜಕ್ಕೂ ಅಂತರ ಗಾಂಧಾರಕ್ಕೂ ನಾಲ್ಕಕ್ಕೆ ಐದರ ಸಂಬಂಧ. 200ಕ್ಕೆ 250. ಕೈ ರೋಮ ನಿಂತವು, ಸುಳ್ಳು ಹೇಳ್ತಾ ಇಲ್ಲ. ಆ ಯಮ್ಮ ಬರೀ ಕಿವಿಯಲ್ಲಿ ನನ್ನ ಆರ್‌ಪಿಎಂ ಹಿಡಿದಿದ್ದರು.

ತಪ್ಪು ಎಲ್ಲಿ ಆಯ್ತು ಅಂತ ಈಗ ಗೊತ್ತಾಗ್ತಾ ಇದೆ. ಸ್ಟೀಲ್ ನಾರು ಮೇಲಿನ ಸ್ವರಗಳನ್ನ ಚೆನ್ನಾಗಿ ನುಂಗುತ್ತೆ, ಯೋಗಾ ಮ್ಯಾಟೂ ಅಷ್ಟೇ. ಕೆಳಗಿನ ಮೂಲ ಸ್ವರಕ್ಕೆ ಅವು ಏನೂ ಮಾಡಲ್ಲ. ನಾನು ಕರ್ಕಶವನ್ನೆಲ್ಲ ಸೋಸಿ ತೆಗೆದು, ಸ್ವರ ಒಂದನ್ನೇ ಉಳಿಸಿ, ಅವರ ಕಿಟಕಿಗೆ ಕಳಿಸಿದ್ದೆ. ಫೋನಿನ ಶಬ್ದ ಮೀಟರ್ ಬೇರೆ ಕೆಳಗಿನ ಸ್ವರಕ್ಕೆ ರಿಯಾಯಿತಿ ಕೊಡುತ್ತೆ. 250ರ ಹತ್ತಿರ 8ಕ್ಕಿಂತ ಜಾಸ್ತಿ ಡೆಸಿಬಲ್ ಕಳೆದೇ ತೋರಿಸೋದು. ಹಾಗಾಗಿ ಅಂಕಿ ಇಳಿದಿತ್ತು, ನಾನೂ ಬೀಗಿದ್ದೆ.

ಜಾರೋದಕ್ಕೆ ಇನ್ನೊಂದು ಕಾರಣ ಇದೆ. ದೋಣಿ ಗಂಟೆಗೆ 50 ಕಿ.ಮೀ. ಓಡುತ್ತೆ. ನಮ್ಮ ಕಡೆ ಬರುವಾಗ ಸ್ವರ 4 ಶೇಕಡಾ ಏರುತ್ತೆ, ದೂರ ಹೋಗುವಾಗ ಅಷ್ಟೇ ಇಳಿಯುತ್ತೆ. ರೈಲಿನ ಹಾರನ್ ನಮ್ಮನ್ನ ದಾಟಿ ಹೋಗುವಾಗ ಆಗುತ್ತಲ್ಲ, ಅದೇ. ಕ್ವಾರಿಯ ಹಿಂದಿನ ಕಲ್ಲುಗೋಡೆ ಇದೆಯಲ್ಲ, ಅದು ಇನ್ನೊಂದು ಕಥೆ. ದೋಣಿ ಮನೆ ಕಡೆ ಬರುವಾಗ ಗೋಡೆಯಿಂದ ದೂರ ಹೋಗ್ತಾ ಇರುತ್ತೆ. ಆಗ ಗೋಡೆ ವಾಪಸ್ ಕೊಡೋ ಪ್ರತಿಧ್ವನಿಯ ಸ್ವರ ಕೆಳಗೆ, ನೇರ ಬರೋದು ಮೇಲೆ. ಎರಡೂ ಒಟ್ಟಿಗೆ ಕಿಟಕಿಗೆ ಬರುತ್ತೆ. ಶ್ರುತಿ ಕೂಡದ ತಂಬೂರಿ. ನನ್ನ ಲೆಕ್ಕಕ್ಕಿಂತ 3 ಡೆಸಿಬಲ್ ಜಾಸ್ತಿ ಬಂದಿದ್ದೂ ಈ ಗೋಡೆಯಿಂದಲೇ ಇರಬೇಕು.

ಕಾಫಿ ಬಂತು. ಸ್ಟೀಲ್ ಲೋಟ, ಡಬರಿ, ಮೇಲೆ ನೊರೆ. ಬೈಯದೆ ಕಾಫಿ ಕೊಟ್ಟರೆ ಇನ್ನೂ ಕಷ್ಟ.

"ಇನ್ನೊಂದು ಮಾತು. ದೋಣಿ ನಿಲ್ಲುತ್ತಲ್ಲ, ಆಗ ಇನ್ನೂ ಹಿಂಸೆ. ಮತ್ತೆ ಯಾವಾಗ ಶುರು ಆಗುತ್ತೋ ಅಂತ ಕಿವಿ ಕಾಯ್ತಾ ಕೂತಿರುತ್ತೆ. ಪಾಠ ಬಾಯಲ್ಲಿ, ಕಿವಿ ಹೊಂಡದಲ್ಲಿ."

"ಪೂರ್ತಿ ನಿಲ್ಲಿಸ್ಬೇಕಾ ಅಮ್ಮಾ?"

"ನಾನು ಹಾಗೆ ಹೇಳಿದ್ನಾ? ಎಂಟರಿಂದ ಹತ್ತು ನನ್ನ ಪಾಠ. ಹತ್ತೂವರೆ ಮೇಲೆ ಬಿಟ್ಕೊಳ್ಳಿ. ಎಷ್ಟೊತ್ತಿಗೆ ಮುಗಿಸ್ತೀರಾ ಅಂತ ಮಾತ್ರ ಹೇಳಿಬಿಡಿ."

ಹತ್ತೂವರೆ! ಬೆಳಗ್ಗೆ ಏಳೂವರೆಗೆ ಆ ಹೊಂಡ ಕನ್ನಡಿ ಥರ ಇರುತ್ತೆ. ಹತ್ತೂವರೆ ಹೊತ್ತಿಗೆ ಗಾಳಿ ಎದ್ದು ನೀರೆಲ್ಲ ಕದಡಿರುತ್ತೆ, ದೋಣಿ ಕಪ್ಪೆ ಥರ ಕುಪ್ಪಳಿಸುತ್ತೆ. ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕಂದ್ರೆ ಶಬ್ದದ ಲೆಕ್ಕದಲ್ಲೂ ಅವರು ಹೇಳಿದ್ದೇ ಸರಿ. ಕಾರ್ತಿಕದ ಬೆಳಗಿನ ಚಳಿಯಲ್ಲಿ ನೀರಿನ ಮೇಲಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ಕೆಳಗೇ ಬರುತ್ತೆ. ಬೆಳಗಿನ ಜಾವ ಕೆಂಗೇರಿ ಕಡೆಯ ರೈಲಿನ ಕೂಗು ಅಷ್ಟು ದೂರ ಕೇಳಿಸೋದು ಇದಕ್ಕೇ. ಬಿಸಿಲು ಏರಿದರೆ ಶಬ್ದವೂ ಮೇಲಕ್ಕೆ ಹೋಗುತ್ತೆ. ನನಗೆ ಚೆಂದ ಕಾಣುವ ಆ ಕನ್ನಡಿ ನೀರೇ ಹನ್ನೊಂದು ಮನೆಗೂ ಶಬ್ದ ಹಂಚುತ್ತಿತ್ತು.

ಹೊರಡುವಾಗ ಚಾಪೆ ಮೇಲಿನ ಚಿಕ್ಕದೊಂದು ಕೇಳಿತು, "ಅಂಕಲ್, ನಿಮ್ಮ ದೋಣಿಗೆ ಪ ಬರಲ್ವಾ?"

ಮಧ್ಯಾಹ್ನ ಏನು ಮಾಡಿದೆ ಅಂತ ನೆನಪಿಲ್ಲ. ಸಂಜೆ ಇವಳು, ಪುಟ್ಟಿ ಇಬ್ಬರನ್ನೂ ಬಸವನಗುಡಿಗೆ ಕರ್ಕೊಂಡು ಹೋದೆ. ಕಡಲೆಕಾಯಿ ಪರಿಷೆ ನಾಳೆಯೇ ಆದ್ರೂ ಅಂಗಡಿಗಳು ಆಗಲೇ ರಸ್ತೆ ತುಂಬಾ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಪೀಪಿ, ಜನರೇಟರ್, ಮೈಕ್, ತಿರುಗುವ ತೊಟ್ಟಿಲು. ಇಷ್ಟು ಗಲಾಟೆ ಮಧ್ಯೆ ಯಾರಿಗೂ ಏನೂ ತೊಂದರೆ ಇಲ್ಲ. ಪುಟ್ಟಿ ಪೀಪಿ ಕೊಡಿಸು ಅಂತ ಹಠ ಹಿಡಿದಳು. ಕೊಡಿಸಲಿಲ್ಲ. ಯಾಕೆ ಅಂತ ಕೇಳಿದಳು. "ಪಕ್ಕದ ಮನೆಯವರಿಗೆ ತೊಂದರೆ ಆಗುತ್ತೆ" ಅಂದೆ. ಇವಳು ನನ್ನ ಮುಖವನ್ನೇ ನೋಡಿದಳು, ಏನೂ ಹೇಳಲಿಲ್ಲ. ಎರಡು ಸೇರು ಹಸಿ ಕಡಲೆಕಾಯಿ ತಗೊಂಡು ಬಂದ್ವಿ.

ಬಾಮೈದ ಆಗಲೇ ಮೂರು ಮೆಸೇಜ್ ಹಾಕಿದ್ದಾನೆ. ಎಂಜಿನ್ ತೆಗೆದು ಬ್ಯಾಟರಿ ಮೋಟಾರ್ ಹಾಕೋಣ ಅಂತ. ಶಬ್ದ ಖಂಡಿತ ಕಡಿಮೆ, ಒಪ್ಪಿದೆ. ಆದ್ರೆ ಮೋಟಾರಿನ ಆ ಕೀಂಚು ಇನ್ನೂ ಮೇಲಿನ ಸ್ಥಾಯಿ, ಅದಕ್ಕೆ ಟೀಚರಮ್ಮ ಏನು ಹೆಸರಿಡ್ತಾರೋ. ಅದೂ ಅಲ್ದೆ ಪೆಟ್ರೋಲ್ ವಾಸನೆ ಇಲ್ಲದ ಭಾನುವಾರ... ಅದು ಬೇರೆ ವಿಷಯ. ಇನ್ನೊಂದು ದಿನ ಬರೀತೀನಿ.

ಈಗ ಮೇಜಿನ ಮೇಲೆ ಡಬ್ಬಿ ಬಿಚ್ಚಿಟ್ಟಿದೀನಿ. ನಾರು ಕಪ್ಪಾಗಿದೆ. ಮೂಲ ಸ್ವರ ತಗ್ಗಿಸ್ಬೇಕು ಅಂದ್ರೆ ನಾರು ಸಾಲದು, ಡಬ್ಬಿ ದೊಡ್ಡದಾಗ್ಬೇಕು, ಒಳಗೆ ಎರಡು ಕೋಣೆ ಬೇಕು. ಹೊಗೆ ಹೋಗುವ ತೂತು ಚಿಕ್ಕದು ಮಾಡಿದ್ರೆ ಆಗುತ್ತೆ, ಆದ್ರೆ ಎಂಜಿನ್ ಉಸಿರುಕಟ್ಟಿ ಬಿಸಿ ಆಗುತ್ತೆ. ಹೋದ ವರ್ಷ ಒಂದು ಪಿಸ್ಟನ್ ಹಾಗೇ ಹೋಯ್ತು. ಲೇತ್ ಅಂಗಡಿಯವನನ್ನ ಕೇಳ್ಬೇಕು. ನಾಳೆ ಅವನೂ ಪರಿಷೆಗೆ ಹೋಗಿರ್ತಾನೇನೋ.

ಇನ್ನೊಂದು ದಾರಿ, ಪಿಚ್ ಜಾಸ್ತಿ ಇರೋ ಪ್ರೊಪೆಲ್ಲರ್, ಅಂದ್ರೆ ಒಂದೊಂದು ಸುತ್ತಿಗೂ ಜಾಸ್ತಿ ಮುಂದೆ ತಳ್ಳೋದು. ಅಷ್ಟೇ ವೇಗ, ಸುತ್ತು ಕಡಿಮೆ. 13,000ಕ್ಕೆ ಇಳಿಸಿದ್ರೆ ಸೆಕೆಂಡಿಗೆ 217. ಅದನ್ನ 196ರಿಂದ ಭಾಗಿಸಿದೆ. 1.107. ಆ ಮಕ್ಕಳು ಹಾಡೋ ಶುದ್ಧ ರಿಷಭಕ್ಕಿಂತ ಮೇಲೆ, ಅದರ ಮೇಲಿನ ಚತುಶ್ರುತಿ ರಿಷಭಕ್ಕಿಂತ ಕೆಳಗೆ. ಎರಡೂ ಅಲ್ಲ. ಆ ಮಕ್ಕಳ ರಿಷಭವನ್ನೂ ಕೆಡಿಸಿದಂಗಾಗುತ್ತೆ. ಶುದ್ಧ ರಿಷಭದ ಮೇಲೇ ಕೂರಿಸ್ಬೇಕು ಅಂದ್ರೆ 12,540 ಬೇಕು. ಪಾಠದ ಹೊತ್ತಲ್ಲಿ ಬಿಡೋದೇ ಇಲ್ಲ ಅಂದ ಮೇಲೆ ಈ ಲೆಕ್ಕ ಯಾಕೆ ಅಂತ ಇವಳು ಕೇಳ್ತಾ ಇದಾಳೆ, ದೀಪ ಆರಿಸು ಅಂತಾನೂ ಅಂತಿದಾಳೆ. ಅದೂ ಸರಿ. ಆದ್ರೆ ದೋಣಿ ಓಡಿದ ತಕ್ಷಣ ಆ 4 ಶೇಕಡಾ ಇದ್ದೇ ಇರುತ್ತಲ್ಲ, ಹಾಗಾದ್ರೆ 12,540ರಲ್ಲಿ