ಕಪ್ಪಾದ ಬಿಲ್ಲು

ಬೈಕಿನಲ್ಲಿ 24 ಗಂಟೆಯೊಳಗೆ ಸಾವಿರ ಮೈಲಿ, ಅಂದರೆ 1609 ಕಿಲೋಮೀಟರ್. ದೂರ ದೂರ ಬೈಕ್ ಓಡಿಸುವವರ ಸಂಘ, ಅಮೆರಿಕದ ಐರನ್ ಬಟ್ ಅಸೋಸಿಯೇಶನ್‌ನವರ ಸ್ಯಾಡಲ್‌ಸೋರ್ ರೈಡ್ ಅಂದರೆ ಇದೇ. ಪುಣೆಯಿಂದ ಬೆಂಗಳೂರಿಗೆ ಹೋಗಿ ತಿರುಗಿ ಬಂದರೆ ಲೆಕ್ಕ ಸರಿಹೋಗುತ್ತದೆ.

ಧಾರವಾಡದ ಹತ್ತಿರ ನಾನು ಓದಿದ ಶಾಲೆಗೆ ನೀರಿನ ಫಿಲ್ಟರ್ ಬೇಕಿತ್ತು. ಈ ರೈಡ್ ಮಾಡುತ್ತೇನೆ, ಕಿಲೋಮೀಟರಿಗೆ ಒಂದು ರೂಪಾಯಿ ಕೊಡಿ ಎಂದು ಪುಣೆಯ ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ, ಆಫೀಸಿನಲ್ಲಿ ಕೇಳುತ್ತಾ ತಿರುಗಿದೆ. 14 ಜನ ಒಪ್ಪಿದರು. ಕೆಳಗಿನ ಮನೆಯ ಅಜ್ಜಿ ಹುಬ್ಬಳ್ಳಿಯವರು. "ಅಷ್ಟು ದೂರ ಒಂದ ದಿನದಾಗ ಯಾಕ ಹೋಗಬೇಕೋ? ಹಾದ್ಯಾಗ ಮಲಕೊಂಡು ಹೋಗು. ರೊಕ್ಕ ನಾ ಹೆಂಗೂ ಕೊಡ್ತೀನಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಬೆಳಗಾವಿಗೆ ಟ್ರಯಲ್ ಹೋದೆ. ಹೋಗಿ ಬರಲು ಸುಮಾರು 680 ಕಿಲೋಮೀಟರ್. ಬೆಳಗಿನ ನಾಲ್ಕಕ್ಕೇ ಹೊರಟೆ. ಖಂಬಾಟ್ಕಿ ಘಾಟ್ ದಾಟುವವರೆಗೆ ನಾನೇ ರಾಜ. ಕರಾಡ್ ಹತ್ತಿರ ಹಿಂದಿನಿಂದ ಕರಕರ ಶಬ್ದ ಶುರುವಾಯಿತು. ಇಳಿದು ಬೆರಳಿಂದ ಚೈನ್ ಎತ್ತಿ ನೋಡಿದರೆ ತಂಬೂರಿಯ ತಂತಿಯ ಹಾಗೆ ಬಿಗಿ. ನನ್ನ ಗಾಡಿಗೆ 25ರಿಂದ 30 ಮಿಲಿಮೀಟರ್ ಸಡಿಲ ಇರಬೇಕು, ಅಲ್ಲಿ ಹತ್ತೂ ಇರಲಿಲ್ಲ. ಹಿಂದಿನ ದಿನ ಗ್ಯಾರೇಜಿನ ಹುಡುಗ ಪ್ರೀತಿಯಿಂದ ಎರಡು ಸುತ್ತು ಜಾಸ್ತಿ ತಿರುಗಿಸಿದ್ದ. ನಾವು ಕೂತು ಲಗೇಜು ಹೇರಿದಾಗ ಹಿಂದಿನ ಸಸ್ಪೆನ್ಷನ್ ಕುಗ್ಗಿ ಚೈನ್ ಇನ್ನೂ ಬಿಗಿಯಾಗುತ್ತದೆ, ಬೇರಿಂಗಿನ ಪ್ರಾಣ ಹಿಂಡುತ್ತದೆ. ಚೈನ್ ಸಡಿಲಿಸಲು ಹಿಂದಿನ ಚಕ್ರದ ಆಕ್ಸಲ್ ನಟ್ ಬಿಚ್ಚಬೇಕು, ಟೂಲ್ ಕಿಟ್ಟಿನ ಸಣ್ಣ ಪಾನಾಕ್ಕೆ ಅದು ಜಗ್ಗಲೇ ಇಲ್ಲ. ಟ್ರಕ್ಕಿನವರೊಬ್ಬರು ಉದ್ದನೆಯ ಪಾನಾ ಕೊಟ್ಟು ಪುಣ್ಯ ಕಟ್ಟಿಕೊಂಡರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಇಂಥ ರೈಡಿನಲ್ಲಿ ಸೋಲಿಸುವುದು ನಿಲ್ಲುವ ಹೊತ್ತು, ವೇಗವಲ್ಲ. ಹತ್ತು ಕಡೆ ಅರ್ಧರ್ಧ ಗಂಟೆ ನಿಂತರೆ ಐದು ಗಂಟೆ ಹೋಯಿತು. ಉಳಿದ 19 ಗಂಟೆಯಲ್ಲಿ ಸರಾಸರಿ 85ರಂತೆ ಓಡಿಸಬೇಕು. ನಮ್ಮ ಹೈವೇಯಲ್ಲಿ, ಎದುರಿಂದ ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರುಗಳ ನಡುವೆ, ಅದು ಹುಡುಗಾಟವಲ್ಲ.

ಆದರೆ ದಿನದ ದೊಡ್ಡ ಪೆಟ್ಟು ಬಿದ್ದಿದ್ದು ಕಾಗದದಿಂದ. ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ಇದ್ದೆ ಅನ್ನುವುದಕ್ಕೆ ಅಸೋಸಿಯೇಶನ್‌ನವರಿಗೆ ಪೆಟ್ರೋಲ್ ಬಂಕಿನ ಬಿಲ್ಲೇ ಸಾಕ್ಷಿ. ಊರು, ತಾರೀಕು, ಸಮಯ ಅದರಲ್ಲಿ ಓದುವಂತಿರಬೇಕು. ಬಿಲ್ಲುಗಳನ್ನು ಟ್ಯಾಂಕ್ ಬ್ಯಾಗಿನ ಪ್ಲಾಸ್ಟಿಕ್ ಕಿಸೆಗೆ ಹಾಕಿದ್ದೆ. ಬೆಳಗಾವಿಯಲ್ಲಿ ಗಾಡಿಯನ್ನು ಬಿಸಿಲಲ್ಲೇ ಬಿಟ್ಟು ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಬಂದರೆ ಬಿಲ್ಲುಗಳು ಬಾಣಲೆಯಲ್ಲಿ ಸೀದ ಹಪ್ಪಳದ ಹಾಗೆ ಕಪ್ಪಾಗಿದ್ದವು. ಬಿಸಿ ತಾಗಿದರೆ ಅಕ್ಷರ ಮೂಡುವ ಕಾಗದ ಅದು. ಜಾಸ್ತಿ ಬಿಸಿಯಾದರೆ ಇಡೀ ಕಾಗದವೇ ಅಕ್ಷರ! ಈಗ ಬಿಲ್ಲು ಕೈಗೆ ಬಂದ ಕೂಡಲೇ ಓಡೋಮೀಟರ್ ಪಕ್ಕ ಹಿಡಿದು ಫೋಟೋ ತೆಗೆಯುತ್ತೇನೆ. ಆಮೇಲೆ ಅದು ಕಾಗದದ ಲಕೋಟೆಯೊಳಗೆ, ಲಕೋಟೆ ಬ್ಯಾಗಿನ ತಳಕ್ಕೆ.

ರಾತ್ರಿ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಚೈನು, ಬಿಲ್ಲು ಎರಡನ್ನೂ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ಹುಬ್ಬಳ್ಳಿಯಾಗ ನಮ್ಮ ತಂಗಿ ಮನಿ ಹೈವೇಕ್ಕ ಹತ್ತಿರನ ಐತಿ. ಚಾ ಕುಡೀದ ಹೋದ್ರ ಬೇಜಾರ ಮಾಡ್ಕೋತಾಳ."

ನನ್ನ ಪಟ್ಟಿಯಲ್ಲಿ ಹುಬ್ಬಳ್ಳಿಗೆ ಇದ್ದದ್ದು 15 ನಿಮಿಷ. ಹೊಡೆದುಹಾಕಿ 25 ಎಂದು ಬರೆದಿದ್ದೇನೆ.